ಊರ ಹೆಸರು ಹೊತ್ತ ನ್ಯಾಯಮೂರ್ತಿ

ಹೊಲದ ಬದುವಿನ ದಾವೆಯೊಂದಕ್ಕಾಗಿ ನನ್ನ ಅಜ್ಜ ವರ್ಷಗಟ್ಟಲೆ ಕೋರ್ಟಿನ ಕಟ್ಟೆ ಏರಿಳಿದವರು. ಬುತ್ತಿ ಕಟ್ಟಿಕೊಂಡು ಹೋಗಿ, ಮುಂದಿನ ತಾರೀಖು ಹೊತ್ತು ಮರಳುವರು. ನಮ್ಮೂರ ಹೆಸರಿನ ಸಾಹೇಬರೊಬ್ಬರು ಮುಂಬಯಿ ಹೈಕೋರ್ಟಿನಲ್ಲಿರುವರೆಂಬುದೇ ಅವರ ಸಮಾಧಾನ.

ಆ ಸಾಹೇಬರು ಪ್ರಹ್ಲಾದ ಬಾಳಾಚಾರ್ಯ ಗಜೇಂದ್ರಗಡಕರ. ಮನೆತನದ ಮೂಲ ಗಜೇಂದ್ರಗಡ. ಹುಟ್ಟಿದ್ದು 1901ರಲ್ಲಿ, ಸಾತಾರೆಯಲ್ಲಿ. ಕೆಲಕಾಲ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದರು. 1945ರಲ್ಲಿ ಅವರು ಹೈಕೋರ್ಟಿನ ನ್ಯಾಯಮೂರ್ತಿಗಳಾದಾಗ ರೋಣ, ನರಗುಂದಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಲ್ಲಿಯ ಮೇಲ್ಮನವಿಗಳು ಅಲ್ಲಿಗೇ ಹೋಗುತ್ತಿದ್ದವು.

ಊರ ಹೆಸರು ಹೊತ್ತವರು ಊರ ಪಕ್ಷ ಹಿಡಿಯಲೆಂಬುದು ಜನದ ಆಸೆ. ಅವರದು ಬೇರೆ ದಾರಿ. ಬಾಲಾಜಿ ಮೊಕದ್ದಮೆಯಲ್ಲಿ 1962ರಲ್ಲಿ ಅವರು ಬರೆದ ಸುಪ್ರೀಂ ಕೋರ್ಟಿನ ತೀರ್ಪು, ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇಕಡಾ 68ನ್ನು ಕಾಯ್ದಿರಿಸಿದ್ದ ನಮ್ಮ ಮೈಸೂರು ಸರಕಾರದ ಆಜ್ಞೆಯನ್ನೇ ರದ್ದುಗೊಳಿಸಿತು. ಮೀಸಲಾತಿ ಸಾಮಾನ್ಯವಾಗಿ ಶೇಕಡಾ 50ರೊಳಗಿರಬೇಕೆಂದಿತು. ಆ ಮಿತಿಯ ಕುರಿತ ವಾದ ಇಂದಿಗೂ ನಿಂತಿಲ್ಲ.

1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದರು. ನನ್ನ ಮಟ್ಟಿಗೆ ಹಿರಿದಾದದ್ದು ಅನಂತರದ ಕೆಲಸ. ಅವರ ಅಧ್ಯಕ್ಷತೆಯ ಕಾನೂನು ಆಯೋಗ 1973ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಕುರಿತು ವರದಿ ಕೊಟ್ಟಿತು. 1976ರಲ್ಲಿ ಸಂಹಿತೆಗೆ ತಿದ್ದುಪಡಿಯಾಯಿತು. ಬದುವಿನ ದಾವೆಯೂ ನಡೆಯುವುದು ಈ ಸಂಹಿತೆಯಂತೆಯೇ. ದೇಶದ ಅತ್ಯುನ್ನತ ಪೀಠದಿಂದ ಇಳಿದವರು, ತಾಲೂಕಿನ ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕುಳಿತವನಿಗೆ ತಟ್ಟುವ ಕೆಲಸಕ್ಕೆ ಕೈ ಹಾಕಿದರು.

1981ರಲ್ಲಿ ಅವರು ತೀರಿಕೊಂಡರು. ತಾರೀಖುಗಳು ತೀರಿಲ್ಲ. ಅಜ್ಜನ ದಾವೆಯ ಕಾಗದದ ಗಂಟು ನಮ್ಮ ಅಟ್ಟದ ಮೇಲೆ ಇನ್ನೂ ಇದೆ.