ಗಿಡ್ಡ ಹೊದಿಕೆಯ ಇಮಾಮ್

(ಜುಮಾ ಖುತ್ಬಾದ ಸಾರಾಂಶ)



ಮಸೀದಿಗೆ ಹೊಸ ಇಮಾಮರು ಬೇಕಾದಾಗ ನಮ್ಮ ಜಮಾಅತ್‌ಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆಗಳು ಯಾವುವು? ಕಂಠ ಹೇಗಿದೆ, ನೋಡಲು ಗಾಂಭೀರ್ಯವಿದೆಯೇ, ಪೇಟ ಕಟ್ಟುತ್ತಾರೆಯೇ, ಭಾಷಣಕ್ಕೆ ಜನ ಸೇರುತ್ತಾರೆಯೇ? ಕಮಿಟಿಗೆ ಅಧ್ಯಕ್ಷರನ್ನು ಆರಿಸುವಾಗಲಂತೂ ಅವರ ಕಾರು ಮತ್ತು ದೇಣಿಗೆಯೇ ನಮ್ಮ ಕಣ್ಣಿಗೆ ಬೀಳುತ್ತದೆ. ಈ ರೋಗ ಹೊಸದಲ್ಲ. ತಾಲೂತರನ್ನು ಅರಸರನ್ನಾಗಿ ನೇಮಿಸಿದಾಗ ಬನೀ ಇಸ್ರಾಈಲರ ಮುಖಂಡರು ತೆಗೆದ ತಕರಾರು, ಅವರ ಬಳಿ ಸಂಪತ್ತಿಲ್ಲ ಎಂಬುದಾಗಿತ್ತು. ಸೂರಃ ಅಲ್ ಬಕರದಲ್ಲಿ ನಾವು ಅದನ್ನು ಓದುತ್ತೇವೆ, ಓದಿ ಮುಂದೆ ಹೋಗುತ್ತೇವೆ.

ಪ್ರವಾದಿ(ಸ)ರು ಮದೀನಾಕ್ಕೆ ತಲುಪುವ ಮೊದಲೇ ಕುಬಾ ಪರಿಸರಕ್ಕೆ ಹಿಜ್ರಾ ಬಂದಿದ್ದ ಮುಹಾಜಿರರಿಗೆ ನಮಾಝ್‌ನ ನೇತೃತ್ವ ವಹಿಸುತ್ತಿದ್ದವರು ಸಾಲಿಂ(ರ). ಅವರು ಅಬೂ ಹುದೈಫಾ(ರ)ರ ಮನೆಯಲ್ಲಿದ್ದ ವಿಮೋಚಿತ ಗುಲಾಮ. ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಉಮರ್(ರ)ರೂ ಇದ್ದರು. ಸಾಲಿಂರಿಗೆ ಕುರ್‌ಆನ್ ಹೆಚ್ಚು ತಿಳಿದಿತ್ತು, ಅಷ್ಟೇ ಕಾರಣ. ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್(ರ)ರನ್ನು ಪ್ರವಾದಿ(ಸ)ರು ತಾವು ಊರಲ್ಲಿಲ್ಲದಾಗ ಮದೀನಾದಲ್ಲಿ ನಮಾಝ್‌ಗೆ ನಿಲ್ಲಿಸಿದ್ದೂ ಇದೆ.

ಇವೆರಡಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಅಮ್ರ್ ಬಿನ್ ಸಲಿಮಾ(ರ)ರ ಘಟನೆ. ಅವರ ಕುಟುಂಬ ದಾರಿಹೋಕರು ನೀರಿಗಾಗಿ ನಿಲ್ಲುವ ತಾಣವೊಂದರ ಬಳಿ ವಾಸವಾಗಿತ್ತು. ಹೋಗಿಬರುವವರ ಬಾಯಿಂದ ಕುರ್‌ಆನ್ ವಚನಗಳನ್ನು ಕೇಳಿ ಕೇಳಿ ಹುಡುಗ ಕಂಠಪಾಠ ಮಾಡಿಕೊಂಡಿದ್ದ. ಹಿಜ್ರಾ 8ರಲ್ಲಿ ಮಕ್ಕಾ ವಿಜಯವಾದ ಮೇಲೆ ಅವನ ಜನ ಇಸ್ಲಾಮ್ ಸ್ವೀಕರಿಸಿದರು. ಹೆಚ್ಚು ಕುರ್‌ಆನ್ ಬಲ್ಲವರು ಇಮಾಮರಾಗಲಿ ಎಂಬ ಪ್ರವಾದಿ(ಸ)ರ ಆದೇಶ ಬಂತು. ಹುಡುಕಿ ನೋಡಿದರೆ ಇವನಿಗಿಂತ ಬಲ್ಲವರು ಯಾರೂ ಇಲ್ಲ! ಆರೋ ಏಳೋ ವರ್ಷದ ಹುಡುಗನನ್ನೇ ಮುಂದೆ ನಿಲ್ಲಿಸಿದರು. ಅವನ ಮೈಮೇಲಿದ್ದುದು ಒಂದು ಗಿಡ್ಡ ಹೊದಿಕೆ. ಸುಜೂದ್‌ಗೆ ಹೋದರೆ ಅದು ಮೇಲೆ ಸರಿಯುತ್ತಿತ್ತು. ನಿಮ್ಮ ಇಮಾಮರ ಹಿಂಭಾಗ ಮುಚ್ಚುವುದಿಲ್ಲವೇ ಎಂದು ಹೆಂಗಸೊಬ್ಬಳು ಕೇಳಿಯೇಬಿಟ್ಟಳು.

ಆ ಜನ ಏನು ಮಾಡಿದರು ನೋಡಿ. ಇಮಾಮರನ್ನು ಬದಲಿಸಲಿಲ್ಲ, ಬಟ್ಟೆ ಕೊಂಡು ಅಂಗಿ ಹೊಲಿಸಿದರು. ಆ ಅಂಗಿ ಸಿಕ್ಕಾಗ ಆದಷ್ಟು ಸಂತೋಷ ತಮಗೆ ಬೇರಾವುದರಿಂದಲೂ ಆಗಿರಲಿಲ್ಲವೆಂದು ಅಮ್ರ್(ರ) ಮುಂದೆ ನೆನೆಯುತ್ತಿದ್ದರು. ಬುಖಾರಿಯಲ್ಲಿ ಇದು ವರದಿಯಾಗಿದೆ. ಉಸ್ತಾದರ ಉಡುಪಿನ ಬಗ್ಗೆ ಗೊಣಗುವ ನಾವು ಅವರ ಸಂಬಳದ ಮಾತು ಬಂದಾಗ ಮೌನವಾಗುತ್ತೇವೆ ಎಂಬುದನ್ನು ಇಲ್ಲಿ ಹೇಳದಿರಲಾಗದು.

ಪೇಟವನ್ನೋ ಗಡ್ಡವನ್ನೋ ನಾವು ಹಗುರವಾಗಿ ಕಾಣುತ್ತಿಲ್ಲ. ಶುಚಿಯಾದ ಉಡುಪು ದೀನ್‌ನ ಭಾಗವೇ. ಹಾಗೆಯೇ ತೇಪೆ ಹಾಕಿದ ಅಂಗಿ ತೊಟ್ಟವರೆಲ್ಲ ವಿನಯಶಾಲಿಗಳೆಂದೂ ಅಲ್ಲ, ಸರಳತೆಯನ್ನೂ ಪ್ರದರ್ಶನಕ್ಕಿಡುವವರಿದ್ದಾರೆ. ಅಧಿಕಾರ ಕೇಳಿಕೊಂಡು ಬಂದ ಇಬ್ಬರಿಗೆ ಪ್ರವಾದಿ(ಸ)ರು ಅದನ್ನು ಕೊಡಲಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಉಮರ್(ರ)ರ ಮುಂದೆ ಒಬ್ಬರು ಇನ್ನೊಬ್ಬರ ಪರವಾಗಿ ಸಾಕ್ಷ್ಯ ನುಡಿಯಲು ಬಂದಾಗ ಅವರು ವಿಚಾರಿಸಿದ್ದು ಮೂರು ಸಂಗತಿ: ನೀನು ಆತನ ನೆರೆಯವನೇ, ಆತನೊಡನೆ ಹಣದ ವ್ಯವಹಾರ ಮಾಡಿದ್ದೀಯಾ, ಜೊತೆಯಲ್ಲಿ ಪ್ರಯಾಣ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂದಾಗ, ಹಾಗಿದ್ದರೆ ನಿನಗೆ ಆತನ ಪರಿಚಯವೇ ಇಲ್ಲ ಎಂದರು.

ಮುಂದಿನ ಸಲ ಆಯ್ಕೆಗೆ ಕುಳಿತಾಗ ನಮ್ಮ ಕಮಿಟಿಗಳು ಭಾಷಣದ ವೀಡಿಯೊ ನೋಡುವ ಮೊದಲು ಅವರು ಹಿಂದೆ ಇದ್ದ ಮೊಹಲ್ಲಾದ ದಿನಸಿ ಅಂಗಡಿಯವರಿಗೊಮ್ಮೆ, ಪಕ್ಕದ ಮನೆಯವರಿಗೊಮ್ಮೆ ಫೋನ್ ಮಾಡಲಿ. ಅಧ್ಯಕ್ಷರ ವಿಷಯದಲ್ಲೂ ಅಷ್ಟೇ. ಅವರ ಅಂಗಡಿಯಲ್ಲಿ ದುಡಿಯುವ ಹುಡುಗರನ್ನು ಕೇಳೋಣ.