ಎರಡು ಸೋಮವಾರಗಳ ನಡುವೆ

ನಮ್ಮ ರೈತನಿಗೆ ಮಳೆಯ ನಕ್ಷತ್ರಗಳೇ ಪಂಚಾಂಗ. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಹುಟ್ಟುತ್ತದೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಉತ್ತರ ಕರ್ನಾಟಕದವರ ಬಾಯಲ್ಲಿ ಇಂದಿಗೂ ಇದೆ. ಸರಿಯಾಗಿ ಅದೇ ವಾರದಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದ ಕಾಡುಗಳಲ್ಲೂ ಜನ ಬಿತ್ತನೆಗೆ ಇಳಿಯುತ್ತಾರೆ. ಆದರೆ ಅವರು ಕಾಯುವುದು ಮಳೆ ಬರಲೆಂದಲ್ಲ, ಹಿಮ ತೊಲಗಲೆಂದು. ನನ್ನ ಮಗಳು ಆ ಕಡೆಯ ಒಂದು ಮನೆಗೆ ಸೊಸೆಯಾಗಿ ಹೋದದ್ದರಿಂದ ಅಂಥ ಒಂದು ಬಿತ್ತನೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು.

ಮೇ ತಿಂಗಳ ಕೊನೆಯ ಸೋಮವಾರ ಅವರಿಗೆ ‘ಮೆಮೋರಿಯಲ್ ಡೇ’, ಯುದ್ಧದಲ್ಲಿ ಮಡಿದವರ ನೆನಪಿನ ದಿನ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರು ಸತ್ತರು. ಅವರ ಗೋರಿಗಳನ್ನು ಹೂವಿನಿಂದ ಸಿಂಗರಿಸಬೇಕೆಂದು ಜನರಲ್ ಜಾನ್ ಲೋಗನ್ ಕರೆಯಿತ್ತದ್ದು 1868ರ ಮೇ 30ಕ್ಕೆ. 1971ರಿಂದ ಆ ದಿನವನ್ನು ಸೋಮವಾರಕ್ಕೆ ಸರಿಸಿದ ಮೇಲೆ ಮೂರು ದಿನಗಳ ಬಿಡುವು ಸಿಕ್ಕಿತು. ನಗರದವರು ಸಸಿಗಳ ತಟ್ಟೆಗಳನ್ನು ಕಾರಿನಲ್ಲಿಟ್ಟುಕೊಂಡು ಉತ್ತರದ ಹಿರಿಯರ ಮನೆಗಳಿಗೆ ಹೊರಡುತ್ತಾರೆ. ಹೀಗೆ ಸತ್ತವರ ದಿನವೇ ನಾಟಿಯ ದಿನವೂ ಆಯಿತು.

ಅಲ್ಲಿಯ ನೆಲಕ್ಕೆ ತನ್ನದೇ ಆದ ಕಥೆಯಿದೆ. ಅದು ಒಜಿಬ್ವೆ ಜನರ ನಾಡು. 1854ರ ಒಪ್ಪಂದದಲ್ಲಿ ಅವರ ಕೈತಪ್ಪಿತು. ಮುಂದೆ ಮರದ ವ್ಯಾಪಾರಿಗಳು ಬಂದು ಮುಗಿಲೆತ್ತರದ ಬಿಳಿ ಪೈನ್ ಮರಗಳನ್ನು ಕಡಿದು, ಬೊಡ್ಡೆಗಳನ್ನು ಬಿಟ್ಟುಹೋದರು. ಮೆಸಾಬಿಯ ಕಬ್ಬಿಣದ ಗಣಿಗಳಲ್ಲಿ 1907ರಲ್ಲಿ ಮುಷ್ಕರ ಹೂಡಿದ ಫಿನ್ಲೆಂಡಿನ ಕೂಲಿಗಳಿಗೆ ಮತ್ತೆ ಗಣಿಯ ಕೆಲಸ ಸಿಗದಾದಾಗ, ಅವರಲ್ಲಿ ಅನೇಕರು ಆ ಬೊಡ್ಡೆಗಳ ನೆಲವನ್ನೇ ಹಿಡಿದು ಒಕ್ಕಲಾದರು. ನನ್ನ ಬೀಗರು ಅಂಥವರ ಸಂತತಿ. ಈಗ ಹೊಲವಿಲ್ಲ, ಕಾಡು ಮತ್ತೆ ಬೆಳೆದು ಮನೆಯ ಹಿತ್ತಿಲವರೆಗೆ ಬಂದಿದೆ. ಉಳಿದಿರುವುದು ಒಂದು ಮನೆ, ಒಂದು ಸೌನಾ, ಒಂದು ತೋಟ, ಮತ್ತು ಅದನ್ನು ಕಾಯುತ್ತಿರುವ ಎಂಬತ್ತು ದಾಟಿದ ಬೀಗಿತ್ತಿ. ನನ್ನ ಮೊಮ್ಮಗಳು ಆಕೆಯನ್ನು ಕರೆಯುವುದು ‘ಮುಮ್ಮು’ ಎಂದು. ಅದು ಫಿನ್ನರ ಮಾತಿನ ‘ಅಜ್ಜಿ’.

ಶನಿವಾರದ ಮೊದಲ ಫಸಲು ಕಲ್ಲು! ಹಿಂದೊಮ್ಮೆ ಹಿಮನದಿಗಳು ತಂದು ಸುರಿದ ಕಲ್ಲುಗಳು ಆ ಮಣ್ಣಿನಲ್ಲಿ ಹುದುಗಿವೆ. ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲುಗಳೂ ಮೇಲಕ್ಕೆ ಬರುತ್ತವೆ. ಕಳೆದ ವರ್ಷ ಆರಿಸಿದ ಜಾಗದಲ್ಲೇ ಈ ವರ್ಷವೂ ಆರಿಸಬೇಕು. ಕರಿನೊಣಗಳ ಕಾಟದ ನಡುವೆ ನಾವೆಲ್ಲ ಕಲ್ಲು ಹೊತ್ತೆವು. ಮುಮ್ಮು ಬಾಗಲಾರರು; ಕುರ್ಚಿ ಹಾಕಿಕೊಂಡು ಕೂತು ಸಾಲುಗಳನ್ನು ಕೋಲಿನಿಂದ ತೋರಿಸಿದರು. ಏಪ್ರಿಲ್ ಆರಂಭದಿಂದ ಕಿಟಕಿಯ ಬಿಸಿಲಿನಲ್ಲಿ ಸಾಕಿದ ಟೊಮೇಟೊ ಸಸಿಗಳು ಸಂಜೆಗೆ ನೆಲ ಸೇರಿದವು. ಪಕ್ಕದ ಸಾಲಿನಲ್ಲಿ ಮೊಮ್ಮಗಳು ಮೊದಲೇ ಬಂದು ಬಿತ್ತಿದ್ದ ಹುರುಳಿಕಾಯಿ ಆಗತಾನೆ ಎರಡೆಲೆ ಬಿಟ್ಟಿತ್ತು.

ಭಾನುವಾರ ಸಂಜೆ ಗಾಳಿ ನಿಂತಿತು. ಆಕಾಶ ತೊಳೆದಿಟ್ಟಂತೆ ಇತ್ತು. ನನಗೆ ಅದು ಸೊಗಸಾಗಿ ಕಂಡಿತು. ಮುಮ್ಮು ಮಾತ್ರ, “ಇವತ್ತು ಹಿಮ ಬೀಳುತ್ತದೆ” ಎಂದರು. ಮೋಡವಿದ್ದರೆ ನೆಲದ ಶಾಖಕ್ಕೆ ಹೊದಿಕೆ ಇದ್ದಂತೆ. ಮೋಡವಿಲ್ಲದ ನಿಶ್ಚಲ ರಾತ್ರಿಯಲ್ಲಿ ಶಾಖವೆಲ್ಲ ಆಕಾಶಕ್ಕೆ ಸೋರಿಹೋಗುತ್ತದೆ. ಆಗ ಸಸಿಗೆ ನಾವೇ ಹೊದಿಸಬೇಕು. ಮನೆಯ ಹಳೆಯ ದುಪ್ಪಟಿಗಳು, ಬಕೆಟ್ಟುಗಳು, ಕಡೆಗೆ ನನ್ನ ಎರಡು ಪಂಚೆಗಳೂ ತೋಟಕ್ಕೆ ಹೋದವು. ಆದರೂ ಸಾಲಲಿಲ್ಲ. ಇದ್ದುದನ್ನೇ ತೆಳ್ಳಗೆ ಎಲ್ಲಕ್ಕೂ ಹರಡೋಣವೆಂದು ಅಳಿಯ ಹೇಳಿದ. ಆಕೆ ಒಪ್ಪಲಿಲ್ಲ.

“ಹಾಗಾದರೆ ನನ್ನ ಹುರುಳಿ?” ಎಂದಳು ಮೊಮ್ಮಗಳು.

“ಹುರುಳಿಯನ್ನು ನಾಳೆಯೇ ಮತ್ತೆ ಬಿತ್ತಬಹುದು, ಮಗು. ಟೊಮೇಟೊ ಹೋದರೆ ಈ ವರ್ಷಕ್ಕೆ ಹೋದಂತೆಯೇ. ಮತ್ತೆ ಬಿತ್ತಲಾಗದ್ದನ್ನು ಮೊದಲು ಹೊದಿಸಬೇಕು.”

ಹುಡುಗಿ ಅತ್ತಳು, ಅಳುತ್ತಲೇ ದುಪ್ಪಟಿಯ ಅಂಚಿಗೆ ಕಲ್ಲು ಹೇರಿದಳು. ಹಿಂದಿನ ದಿನ ನಾವು ಬೈದುಕೊಂಡು ಹೊತ್ತ ಕಲ್ಲುಗಳೇ ಆ ರಾತ್ರಿ ನೆರವಿಗೆ ಬಂದವು. ಬೆಳಗಾದಾಗ ಹುಲ್ಲೆಲ್ಲ ಬೆಳ್ಳಗಾಗಿತ್ತು. ಹುರುಳಿಯ ಸಾಲು ಬಿಸಿಲೇರುತ್ತಲೇ ಕಪ್ಪಾಗಿ ಕುಸಿಯಿತು. ದುಪ್ಪಟಿಯ ಕೆಳಗೆ ಟೊಮೇಟೊ ಹಸಿರಾಗಿ ನಿಂತಿತ್ತು. ತಿಂಡಿಗೂ ಮುನ್ನ ಅಜ್ಜಿ ಮೊಮ್ಮಗಳ ಬೊಗಸೆಗೆ ಹೊಸ ಬೀಜ ಹಾಕಿದರು.

ಆಮೇಲೆ ಎಲ್ಲರೂ ಸ್ಮಶಾನಕ್ಕೆ ಹೋದೆವು. ಪೈನ್ ಮರಗಳ ನಡುವೆ ಫಿನ್ನರ ಹೆಸರು ಕೊರೆದ ಕಲ್ಲುಗಳು. ಸೈನಿಕರಾಗಿದ್ದವರ ಬಳಿ ಪುಟ್ಟ ಬಾವುಟಗಳು. ಬೀಗಿತ್ತಿಯ ಪತಿ ಕೊರಿಯಾ ಯುದ್ಧಕ್ಕೆ ಹೋಗಿ ಜೀವಸಹಿತ ಮರಳಿದ್ದವರು. ಯುದ್ಧದಲ್ಲಿ ಮಡಿದವರಿಗೆಂದು ಮೀಸಲಾದ ದಿನದಲ್ಲಿ ಹೀಗೆ ಮನೆಯ ಹಿರಿಯರಿಗೂ ಹೂವು ಸಲ್ಲುತ್ತದೆ. ಆಕೆ ಜಿರೇನಿಯಂ ಕುಂಡವನ್ನು ಗೋರಿಯ ಮುಂದಿಡಿಸಿ, ಎಲೆಯೊಂದನ್ನು ಸರಿಪಡಿಸಿ, ಸುಮ್ಮನೆ ನಿಂತರು. ಉಗುರಿನಲ್ಲಿ ತೋಟದ ಮಣ್ಣು ಇನ್ನೂ ಇತ್ತು. ನಮ್ಮಲ್ಲಿ ಪಿತೃಗಳಿಗೆ ಎಳ್ಳುನೀರು ಬಿಡುತ್ತೇವೆ. ಅಲ್ಲಿ ಬೇರಿರುವ ಗಿಡವನ್ನೇ ಇಡುತ್ತಾರೆ. ಹಿಂದಿನ ರಾತ್ರಿಯ ಮಾತು ನನಗೆ ಅಲ್ಲಿ ಪೂರ್ತಿಯಾಗಿ ಅರ್ಥವಾಯಿತು. ಮತ್ತೆ ಬಿತ್ತಲಾಗದ್ದು ಎಂದರೆ ಟೊಮೇಟೊ ಮಾತ್ರವಲ್ಲ. ಗಾಳಿ ನಿಂತ ಆಕಾಶವನ್ನು ನೋಡಿ ಹಿಮವನ್ನು ಓದಬಲ್ಲ ಕಣ್ಣು ಒಂದು ಮನೆಯಿಂದ ಹೋದರೆ, ಅದನ್ನೂ ಮತ್ತೆ ಬಿತ್ತಲಾಗದು. ಆ ರಾತ್ರಿ ಹುಡುಗಿ ಅದನ್ನು ಕಲಿತಳು.

ಸೆಪ್ಟೆಂಬರಿನ ಮೊದಲ ಸೋಮವಾರ ಅಮೆರಿಕದಲ್ಲಿ ದುಡಿಮೆಗಾರರ ರಜೆ. 1894ರಿಂದ ಅದು ರಾಷ್ಟ್ರದ ರಜೆ. ಆ ವೇಳೆಗೆ ಉತ್ತರದ ಕಾಡಿಗೆ ಹಿಮ ಮತ್ತೆ ಹತ್ತಿರ ಬಂದಿರುತ್ತದೆ. ಒಂದು ತೋಟದ ಇಡೀ ಆಯುಷ್ಯ ಈ ಎರಡು ಸೋಮವಾರಗಳ ನಡುವೆ. ಅಷ್ಟರಲ್ಲೇ ರಾತ್ರಿ ಒಂಬತ್ತರವರೆಗೆ ಬೆಳಗುವ ಬೇಸಗೆಯ ಸೂರ್ಯ ಸಸಿಗಳನ್ನು ಅವಸರವಸರವಾಗಿ ಬೆಳೆಸುತ್ತಾನೆ. ಆ ವರ್ಷ ಟೊಮೇಟೊ ಹಣ್ಣಾಯಿತೆಂದು ಮಗಳು ಬರೆದಳು. ಹುರುಳಿಯೂ ಆಯಿತಂತೆ, ಸ್ವಲ್ಪ ತಡವಾಗಿ.