ಊರಲ್ಲಿ ಉಳಿದ ಹಿರಿಯರು

ದೀಪಾವಳಿ ಕಳೆದ ಮೇಲಿನ ಒಂದು ಸಂಜೆ ಮುದ್ದೇಬಿಹಾಳದ ಬಸ್‌ನಿಲ್ದಾಣದಲ್ಲಿ ನಿಂತಿದ್ದೆ. ಗೋವೆಯ ಕಡೆ ದುಡಿಯಲು ಹೊರಟವರು ಬಸ್ಸಿಗೆ ಗಂಟುಮೂಟೆ ಏರಿಸುತ್ತಿದ್ದರು. ಕಳಿಸಲು ಬಂದ ಮುದುಕಿಯೊಬ್ಬಳು ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿಯ ಗಂಟನ್ನು ಕಿಟಕಿಯಿಂದ ಮಗನ ಕೈಗಿತ್ತಳು. ಅವಳ ಸೆರಗನ್ನು ಐದಾರು ವರ್ಷದ ಮೊಮ್ಮಗ ಹಿಡಿದಿದ್ದ. ಬಸ್ಸು ಹೋಯಿತು, ಅಜ್ಜಿ, ಮೊಮ್ಮಗ ಊರ ದಾರಿ ಹಿಡಿದರು. ಮುಪ್ಪಿನ ಅರ್ಥಶಾಸ್ತ್ರದ ಬಗ್ಗೆ ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಈ ನೋಟ.

ನಮ್ಮ ದೇಶದಲ್ಲಿ 60 ದಾಟಿದವರ ಸಂಖ್ಯೆ 2011ರ ಜನಗಣತಿಯಲ್ಲಿಯೇ 10 ಕೋಟಿಯನ್ನು ಮೀರಿತ್ತು. 2036ರ ವೇಳೆಗೆ ನೂರು ಜನರಲ್ಲಿ ಸುಮಾರು 15 ಜನ ಈ ವಯಸ್ಸಿನವರಾಗುವರೆಂದು ತಜ್ಞರ ಅಂದಾಜು. ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹುಟ್ಟು ಕಡಿಮೆಯಾಗಿ, ಆಯುಷ್ಯ ಹೆಚ್ಚಾಗಿ ನಾಡು ಮುಪ್ಪಾಗುವ ಬಗೆ ಇದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಥೆಯಲ್ಲಿ ಇನ್ನೊಂದು ಎಳೆಯುಂಟು. ಇಲ್ಲಿಯ ಮನೆಗಳಲ್ಲಿ ಮಕ್ಕಳ ಸಂಖ್ಯೆ ದಕ್ಷಿಣದ ಜಿಲ್ಲೆಗಳಷ್ಟು ಇಳಿದಿಲ್ಲ. ಆದರೂ ಎಷ್ಟೋ ಹಳ್ಳಿಗಳು ವರ್ಷದ ಆರು ತಿಂಗಳು ಮುದುಕರ ಹಳ್ಳಿಗಳೇ. ಊರಿನ ಹರೆಯವೆಲ್ಲ ಗೋವೆ, ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ಇಟ್ಟಿಗೆ ಹೊರುತ್ತಿರುತ್ತದೆ, ಇಲ್ಲವೆ ಕಬ್ಬಿನ ಗದ್ದೆಗಳಲ್ಲಿ ಕುಡಗೋಲು ಹಿಡಿದಿರುತ್ತದೆ.

ಗುಳೆ ಹೋಗುವುದು ಈ ಸೀಮೆಗೆ ಹೊಸತಲ್ಲ. 1876–78ರ ಬರದ ನೆನಪು ಜನರ ಮಾತಿನಲ್ಲಿ ಇನ್ನೂ ಉಳಿದಿದೆ. ಆಗ ಬರ ಜನರನ್ನು ಅಟ್ಟುತ್ತಿತ್ತು. ಈಗ ಮಳೆಯಾದ ವರ್ಷವೂ ಹೋಗುತ್ತಾರೆ. ಏಕೆಂದರೆ ಒಣಬೇಸಾಯದ ನಾಲ್ಕೆಕರೆ ಇಡೀ ಮನೆಯನ್ನು ವರ್ಷವಿಡೀ ಸಾಕಲಾರದು.

ನನ್ನ ಸೋದರಮಾವನಿಗೆ ಎಪ್ಪತ್ತು ದಾಟಿದೆ. ಅವನ ಹೊಲ ಡೋಣಿಯ ಬಯಲಿನ ಎರೆ ಭೂಮಿ. ಕೊಟ್ಟಿಗೆ ಬರಿದಾಗಿದ್ದುದನ್ನು ಕಂಡು, “ಮಾಮಾ, ಎತ್ತು ಯಾಕ ಮಾರಿದ್ರಿ?” ಎಂದೆ. “ಎತ್ತಿಗೆ ಮೇವು ಹಾಕಾಕ ಕೈ ಬೇಕಪಾ. ಟ್ರ್ಯಾಕ್ಟರಿಗೆ ರೊಕ್ಕ ಅಷ್ಟ ಸಾಕು” ಎಂದ. ಈ ಒಂದು ಮಾತಿನಲ್ಲಿ ಒಂದು ಅರ್ಥವ್ಯವಸ್ಥೆಯ ಬದಲಾವಣೆಯೇ ಅಡಗಿದೆ. ಮೊದಲು ಮನೆಯ ಮೈದುಡಿಮೆಯಿಂದ ಆಗುತ್ತಿದ್ದ ಕೆಲಸಗಳಿಗೆಲ್ಲ ಈಗ ನಗದು ಬೇಕು. ಹಿಂಗಾರಿಯ ಬಿಳಿಜೋಳವನ್ನು ಬೇರುಸಹಿತ ಕೀಳಲು ಆಳುಗಳು ಬೇಕು. ಕೈ ಸಾಲದವರು ತೊಗರಿ ಬಿತ್ತುತ್ತಾರೆ, ಅದೂ ಸಾಗದವರು ಹೊಲವನ್ನು ಪಾಲಿಗೋ ಲಾವಣಿಗೋ ಕೊಡುತ್ತಾರೆ. ಜೋಳ ಹಿಂದೆ ಸರಿದರೆ ಕಣಿಕೆ ಇಲ್ಲ. ಕಣಿಕೆ ಇಲ್ಲದಿದ್ದರೆ ದನವಿಲ್ಲ. ದನವಿಲ್ಲದಿದ್ದರೆ ಗೊಬ್ಬರವನ್ನೂ ಕೊಳ್ಳಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಪಹಣಿ ಮುದುಕನ ಹೆಸರಿನಲ್ಲಿರುತ್ತದೆ. ಬೆಳೆಸಾಲಕ್ಕೆ, ಬೆಳೆವಿಮೆಗೆ ಅವನೇ ಸಹಿ ಹಾಕಬೇಕು. ಸಹಿ ಮಾಡುವವನಿಗೆ ದುಡಿಯುವ ಶಕ್ತಿಯಿಲ್ಲ. ದುಡಿಯುವ ಮಗನಿಗೆ ಸಹಿ ಮಾಡುವ ಹಕ್ಕಿಲ್ಲ. ಮಕ್ಕಳ ಹೆಸರಿಗೆ ಹೊಲ ಮಾಡಿಕೊಡಲು ಮುದುಕ ಅಂಜುತ್ತಾನೆ. ಭೂಮಿ ಕೈಬಿಟ್ಟ ಮೇಲೆ ತುತ್ತು ತಪ್ಪಿದವರನ್ನು ಅವನು ನೋಡಿದ್ದಾನೆ. ಹಿರಿಯರ ಪೋಷಣೆಗಾಗಿ 2007ರಲ್ಲಿ ಕಾನೂನು ಬಂದಿತು. ನೋಡಿಕೊಳ್ಳುವ ಕರಾರಿನ ಮೇಲೆ ಕೊಟ್ಟ ಆಸ್ತಿಯನ್ನು, ಕರಾರು ಮುರಿದರೆ ರದ್ದುಪಡಿಸಲು ಅದರಲ್ಲಿ ಅವಕಾಶವಿದೆ. ಆದರೆ ಮಗನ ಮೇಲೆ ದೂರು ಕೊಡಲು ಕಚೇರಿಯ ಮೆಟ್ಟಿಲು ಹತ್ತುವ ತಂದೆತಾಯಿ ಎಷ್ಟು ಮಂದಿ?

ಇಂಡಿಯ ಕಡೆ ಹೋದರೆ ಲಿಂಬೆಯ ತೋಟಗಳು ಕಾಣುತ್ತವೆ. ಅಲ್ಲಿಯ ರೈತನೊಬ್ಬ ತನ್ನ ಗಿಡಗಳನ್ನು ತೋರಿಸಿ, “ಇವ ನಮ್ಮ ಪಿಂಚಣಿ” ಎಂದ. ಹರೆಯದಲ್ಲಿ ನೆಟ್ಟ ಗಿಡ ಇಳಿವಯಸ್ಸಿನಲ್ಲಿ ಸಂತೆಯ ಖರ್ಚಿಗೆ ಒದಗುವುದು ನಿಜ. ಬಾವಿ ಬತ್ತಿದ ವರ್ಷ ಟ್ಯಾಂಕರಿನ ನೀರು ಹಾಕಿ ಆ ಪಿಂಚಣಿಯನ್ನು ಬದುಕಿಸಿಕೊಳ್ಳಬೇಕಾಗುವುದೂ ನಿಜ.

ಗಿಡವಿಲ್ಲದವರಿಗೆ ಸರಕಾರದ ಪಿಂಚಣಿಯೇ ಗತಿ. 1995ರಲ್ಲಿ ಕೇಂದ್ರದ ವೃದ್ಧಾಪ್ಯವೇತನ ಆರಂಭವಾದಾಗ ಅದು ತಿಂಗಳಿಗೆ 75 ರೂಪಾಯಿ. 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ಈಗಲೂ 200 ರೂಪಾಯಿಯಷ್ಟೇ. ರಾಜ್ಯದಲ್ಲಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ 2021ರಲ್ಲಿ 1,200 ರೂಪಾಯಿಗೆ ಏರಿತು. ಅಂದರೆ ದಿನಕ್ಕೆ 40 ರೂಪಾಯಿ. ಇದನ್ನು ಅಲ್ಪವೆನ್ನಬಹುದು. ಆದರೆ ಮಳೆಯನ್ನು ಕಾಯದೆ ಬರುವ ಹಣ ಹಳ್ಳಿಯಲ್ಲಿ ಬೇರೆ ಯಾವುದಿದೆ? ಪಿಂಚಣಿ ಬಂದ ವಾರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಗೀಟು ಬೀಳುತ್ತದೆ, ಮೊಮ್ಮಗನಿಗೆ ಪಾಟಿ ಬರುತ್ತದೆ, ರಕ್ತದೊತ್ತಡದ ಗುಳಿಗೆ ಬರುತ್ತದೆ. ಅದು ತಡವಾದರೆ ಮೊದಲು ನಿಲ್ಲುವುದು ಗುಳಿಗೆಯೇ.

ಅರ್ಥಶಾಸ್ತ್ರದ ಲೆಕ್ಕದಲ್ಲಿ 60 ದಾಟಿದವರು ಅವಲಂಬಿತರು. ಆ ಬಸ್‌ನಿಲ್ದಾಣದ ಅಜ್ಜಿಯನ್ನು ಯಾವ ಕಾಲಮಿನಲ್ಲಿ ಬರೆಯೋಣ? ಅವಳು ಮೊಮ್ಮಗನನ್ನು ಸಾಕದಿದ್ದರೆ ಸೊಸೆ ಕೂಲಿಗೆ ಹೋಗುವಂತಿರಲಿಲ್ಲ. ಅವಳ ರೊಟ್ಟಿ ಇಲ್ಲದಿದ್ದರೆ ಮಗನ ಮೊದಲ ವಾರದ ಕೂಲಿ ಊಟಕ್ಕೇ ಹೋಗುತ್ತಿತ್ತು. ಗೋವೆಯಲ್ಲಿ ಏಳುವ ಮಹಡಿಗಳ ಖರ್ಚಿನಲ್ಲಿ ಅವಳ ದುಡಿಮೆಯೂ ಸೇರಿದೆ. ಅದರ ಬೆಲೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ. ಇನ್ನು ಅವಳೇ ಹಾಸಿಗೆ ಹಿಡಿದ ದಿನ ಲೆಕ್ಕ ತಿರುಗುತ್ತದೆ. ಸೊಸೆ ಕೂಲಿ ಬಿಟ್ಟು ಊರಿಗೆ ಬರಬೇಕು; ಒಂದು ಕೂಲಿ ನಿಲ್ಲುತ್ತದೆ, ದವಾಖಾನೆಯ ಖರ್ಚು ಹತ್ತುತ್ತದೆ, ಸಾಲ ಹುಟ್ಟುತ್ತದೆ. ಆದ್ದರಿಂದ ಹಳ್ಳಿಯ ಹತ್ತಿರದಲ್ಲೇ ಔಷಧ, ತಪ್ಪದೆ ಬರುವ ಪಿಂಚಣಿ ಇವುಗಳನ್ನು ನಾನು ದಾನವೆಂದು ಎಣಿಸಲಾರೆ. ದುಡಿಯುವ ಮಗನ ಕೂಲಿಯನ್ನು ಕಾಯುವ ಬೇಲಿ ಅದು.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ಈ ಸೀಮೆಯಲ್ಲಿಯೇ ಇದೆ. ಕಾಯಕವನ್ನು ಎಲ್ಲರಿಗೂ ಹೇಳಿದ ಶರಣರು ಅದರ ಜೊತೆಗೇ ದಾಸೋಹವನ್ನೂ ಹೇಳಿದರು. ಕಾಯಕ ಮಾಡುವ ಕೈ ಒಂದು ದಿನ ಸೋಲುತ್ತದೆಂಬ ಅರಿವು ಆ ಜೋಡಿ ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ. ನಾವು ಮೊದಲ ಮಾತನ್ನು ಮುದುಕರಿಂದ ಪೂರ್ತಿಯಾಗಿ ವಸೂಲು ಮಾಡಿಕೊಂಡಿದ್ದೇವೆ. ಎರಡನೆಯದು ನಮ್ಮ ಬಾಕಿ.

ಮುಂದಿನ ಮುಂಗಾರಿಗೆ ಆ ಬಸ್ಸು ಮರಳಿ ಬರುತ್ತದೆ. ಅಷ್ಟರವರೆಗೆ ಊರಿನ ಕದ ತೆರೆದು, ದೀಪ ಹಚ್ಚಿ, ಮಗುವಿಗೆ ಉಣಿಸಿ ಮಲಗಿಸುವವರು ಅವರೇ.